ಚೀಟಿ ಮೇಲಿನ ಪ್ರಶ್ನಾರ್ಥಕ ಚಿಹ್ನೆ: 1898ರ ದಂಡಿನಿಂದ ನಮ್ಮಮ್ಮನ ತನಕ



ಸ್ವಲ್ಪ ಉದ್ದದ ಬರಹ ಇದು, ಪುರುಸೊತ್ತಾದಾಗ ಓದಿ. ಮೂರು ವಾರದಿಂದ ಯಾಕೆ ಕಾಣ್ತಿಲ್ಲ, ಮೀಟಿಂಗಿಗೆ ಯಾಕೆ ಬರ್ತಿಲ್ಲ ಅಂತ ತುಂಬಾ ಜನ ಕೇಳಿದ್ರಿ. ಕಾರಣ ನಮ್ಮಮ್ಮ.

ಅಮ್ಮ ಹಲಸೂರು ಕಡೆ 28 ವರ್ಷ ರಸ್ತೆ ಗುಡಿಸಿದವರು. ಒಂದು ರಾತ್ರಿ ಒಂದೂವರೆ ಗಂಟೆಗೆ ಉಸಿರು ಸಿಗ್ತಿಲ್ಲ ಅಂತ ಎದ್ದು ಕೂತ್ರು. ಎರಡು ದಿನದಿಂದ ಜ್ವರ, ಕೆಮ್ಮು ಇತ್ತು. ಆಟೋ ಹಿಡಿದು ಹತ್ತಿರದ ಒಂದು ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿಗೆ ಓಡಿದ್ವಿ. ಅದೇ ಹೊತ್ತಿಗೆ ಆಕ್ಸಿಡೆಂಟ್ ಆದ ಮೂವರನ್ನ ತಂದಿದ್ರು. ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗ, ಪಾಪ, ನಿಂತಲ್ಲೇ ನಿದ್ದೆ ಬರೋ ಹಾಗಿದ್ದ. ಆಕ್ಸಿಜನ್ ಹಾಕಿದ್ರು, ಇಂಜೆಕ್ಷನ್ ಕೊಟ್ರು, ಎಕ್ಸ್‌ರೇ ತೆಗೆದ್ರು. "ಏನ್ ಕೆಲಸ ಮಾಡ್ತಿದ್ರು?" ಅಂತ ಕೇಳಿದ. ಹೇಳಿದೆ. "ಮನೆ ಎಲ್ಲಿ?" ಅಂದ. ಅದನ್ನೂ ಹೇಳಿದೆ. ಅಷ್ಟೇ. ನಾಲ್ಕು ಗಂಟೆಗೆ ಉಸಿರು ಒಂದು ಹದಕ್ಕೆ ಬಂತು. ಬೆಡ್ ಖಾಲಿ ಇಲ್ಲ, ಬೆಳಿಗ್ಗೆ ಬೇರೆ ಕಡೆ ತೋರಿಸಿ ಅಂತ ಚೀಟಿ ಕೈಗಿಟ್ರು. ಚೀಟಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕ ಎರಡೇ ಅಕ್ಷರ: ಟಿಬಿ.

ಡಾಕ್ಟರುಗಳು ಖಚಿತ ಇಲ್ಲದಾಗ ರೋಗದ ಹೆಸರಿನ ಮುಂದೆ ಹೀಗೆ ಪ್ರಶ್ನಾರ್ಥಕ ಹಾಕ್ತಾರೆ. 'ಇರಬಹುದು, ಪರೀಕ್ಷೆ ಮಾಡಿ ನೋಡಬೇಕು' ಅಂತ ಅದರರ್ಥ. ಇದು ನಂಗೆ ಆಮೇಲೆ ಗೊತ್ತಾಯ್ತು. ಆವತ್ತು ನಮ್ಮ ಕಣ್ಣಿಗೆ ಬಿದ್ದದ್ದು ಟಿಬಿ ಮಾತ್ರ. ಬೆಳಿಗ್ಗೆ ಹೊತ್ತಿಗೆ ಇಡೀ ಗಲ್ಲಿಗೆ ಸುದ್ದಿ. ತಮ್ಮನ ಹೆಂಡತಿ ಮಕ್ಕಳನ್ನ ಕರಕೊಂಡು ತವರಿಗೆ ಹೋದ್ಲು. ನಾನೇನು ಮಾಡಿದೆ ಗೊತ್ತಾ? ಹೋಟೆಲ್‌ಗಳಲ್ಲಿ ನಮ್ಮವರಿಗೆ ಬೇರೆ ಲೋಟ ಇಡೋದರ ವಿರುದ್ಧ ಧರಣಿ ಕೂತು ಬಂದ ನಾನು, ನನ್ನ ಕೈಯಾರೆ ನಮ್ಮಮ್ಮನಿಗೆ ಬೇರೆ ಲೋಟ, ಬೇರೆ ತಟ್ಟೆ ಇಟ್ಟೆ. ಟಿಬಿ ಗಾಳಿಯಿಂದ ಹರಡುತ್ತೆ, ಲೋಟ ತಟ್ಟೆಯಿಂದಲ್ಲ ಅನ್ನೋದೂ ಆಮೇಲೆ ಗೊತ್ತಾಯ್ತು. ಅಮ್ಮ ಒಂದು ಮಾತೂ ಆಡಲಿಲ್ಲ. ಆ ಲೋಟ ತಗೊಂಡು ಹೋಗಿ ಬಾಗಿಲ ಪಕ್ಕ ಕೂತ್ರು.

ಹನ್ನೊಂದು ದಿನ ಹೀಗೇ ಕಳೀತು. ರಾತ್ರಿ ನಿದ್ದೆ ಇಲ್ಲ. 'ಇರಬಹುದು' ಅನ್ನೋ ಒಂದು ಮಾತಿಗೆ ನಮ್ಮ ಊರಿನ ಜನ ಹಿಂದೆ ಏನೇನು ಕಳಕೊಂಡಿದ್ರು ಅಂತ ಓದ್ತಾ ಕೂತೆ. ಓದಿದ್ದನ್ನ ನಿಮಗೂ ಹೇಳ್ತೀನಿ.

1898ರ ಆಗಸ್ಟ್. ಬೆಂಗಳೂರಿಗೆ ಪ್ಲೇಗ್ ಬಂತು. ಅದು 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಬೊಂಬಾಯಿ, ಆಮೇಲೆ ಹುಬ್ಬಳ್ಳಿ ಮುಟ್ಟಿ, ಅಲ್ಲಿಂದ ರೈಲು ಹತ್ತಿ ಇಲ್ಲಿಗೆ ಬಂದ ರೋಗ. ಇಲ್ಲಿ ಮೊದಲು ಕಾಣಿಸಿದ್ದು ಹುಬ್ಬಳ್ಳಿಯಿಂದ ಬಂದ ರೈಲ್ವೆ ಅಧಿಕಾರಿಯೊಬ್ಬರ ಮನೆಯ ಬಟ್ಲರ್‌ಗೆ ಅಂತ ಬರೀತಾರೆ. ನಾನು ಓದಿದ ಕಡೆಯೆಲ್ಲ ಆತ ಬರೀ 'ಬಟ್ಲರ್'. ಅದೇ ರೈಲಿನಲ್ಲಿ ಇಲಿಗಳೂ, ಅವುಗಳ ಮೈಮೇಲಿನ ಚಿಗಟಗಳೂ ಬಂದಿರಬೇಕು. ಆದರೆ ಊರಿಗೆ ರೋಗ ತಂದವನು ಅನ್ನೋ ಹೆಸರು ಮಾತ್ರ ಒಬ್ಬ ಆಳಿಗೆ ಅಂಟಿಕೊಂಡಿತು.

ಆಗ ಬೆಂಗಳೂರು ಅಂದ್ರೆ ಎರಡು ಊರು. ಪೇಟೆ ಮೈಸೂರು ಮಹಾರಾಜರದ್ದು. ದಂಡು, ಅಂದ್ರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ. 1947ರ ತನಕ ಹಾಗೇ ಇತ್ತು. ದಂಡಿನ ಒಳಗೂ ಮತ್ತೆ ಎರಡು. ಬಂಗಲೆ ಮತ್ತು ಪರೇಡ್ ಮೈದಾನ ಒಂದು ಕಡೆ. ಅವುಗಳನ್ನ ನಡೆಸೋ ಬಟ್ಲರು, ಕುದುರೆ ಆಳು, ಹುಲ್ಲು ಕೊಯ್ಯುವವರು, ಬಟ್ಟೆ ಒಗೆಯುವವರು, ಕಕ್ಕಸು ತೊಳೆಯುವವರು ಇನ್ನೊಂದು ಕಡೆ. ಇವರೆಲ್ಲ ಒತ್ತೊತ್ತಾಗಿ ಬದುಕ್ತಿದ್ದದ್ದು ಬ್ಲ್ಯಾಕ್‌ಪಲ್ಲಿಯಲ್ಲಿ (ಇವತ್ತಿನ ಶಿವಾಜಿನಗರ) ಮತ್ತು ಹಲಸೂರಿನ ಓಣಿಗಳಲ್ಲಿ. ಮದ್ರಾಸ್ ಸೈನ್ಯದ ಜೊತೆ ಬಂದ ತಮಿಳು, ತೆಲುಗು ಮಾತಾಡೋ ನಮ್ಮ ಜನ ಬಹಳ ಇದ್ರು. ನಮ್ಮ ಮುತ್ತಜ್ಜಿಯ ಕಡೆಯವರೂ ಅವರಲ್ಲೇ.

ಪ್ಲೇಗ್ ಇದೆಯಾ ಇಲ್ವಾ ಅಂತ ಆಗ ಹೇಗೆ ಗೊತ್ತು ಮಾಡ್ತಿದ್ರು? ಜ್ವರ ಇರಬೇಕು, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಇರಬೇಕು. ರೋಗಾಣುವನ್ನ 1894ರಲ್ಲೇ ಯೆರ್ಸಿನ್ ಕಂಡುಹಿಡಿದಿದ್ದ ನಿಜ. ಆದರೆ ರೈಲ್ವೆ ಪ್ಲಾಟ್‌ಫಾರಂನಲ್ಲಿ ಸಾಲು ನಿಲ್ಲಿಸಿದ ಪ್ರಯಾಣಿಕರಿಗೆ ಯಾರು ಸೂಕ್ಷ್ಮದರ್ಶಕ ಹಿಡೀತಾರೆ? ಒಂದು ನಿಮಿಷದಲ್ಲಿ ಮೈ ತಡವಿ ತೀರ್ಮಾನ. ಈ ಊರಲ್ಲಿ ಮಲೇರಿಯಾ ಜ್ವರವೂ ಇತ್ತು. ಕಾಲಿನ ಹುಣ್ಣು ಕೀವು ತುಂಬಿದ್ರೂ ತೊಡೆಸಂದಿಯಲ್ಲಿ ಗಡ್ಡೆ ಏಳುತ್ತೆ. ಬರಿಗಾಲಲ್ಲಿ ಕೆಲಸ ಮಾಡೋ ಜನಕ್ಕೆ ಕಾಲಲ್ಲಿ ಹುಣ್ಣು ಇಲ್ಲದೆ ಇರುತ್ತಾ? ಇನ್ನೊಂದು ಕಡೆ ನಿಜವಾಗಿ ಪ್ಲೇಗ್ ಹತ್ತಿದವನಿಗೆ ಮೊದಲ ಕೆಲವು ದಿನ ಏನೂ ಕಾಣದೆ ಇರಬಹುದು. ಅಂದ್ರೆ ಇಲ್ಲದವನನ್ನ ಹಿಡಿಯೋದು, ಇರುವವನನ್ನ ಬಿಡೋದು ಎರಡೂ ಆಗೋದೇ.

ಆದರೆ ಸಂಶಯದ ಬೆಲೆ ಎಲ್ಲರಿಗೂ ಒಂದೇ ಆಗಿರಲಿಲ್ಲ. 1897ರ ಫೆಬ್ರವರಿಯಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿದ್ರು. (2020ರಲ್ಲಿ ಕೊರೊನಾ ಕಾಲಕ್ಕೆ ಮೊದಲು ಧೂಳು ಕೊಡವಿ ಹೊರತೆಗೆದದ್ದೂ ಅದೇ ಕಾಯ್ದೆ.) ಆ ಕಾಲದ ಪ್ಲೇಗ್ ನಿಯಮ ಏನಂದ್ರೆ, ಸಂಶಯ ಬಂದವನನ್ನ ಕ್ಯಾಂಪಿಗೆ ಸಾಗಿಸೋದು, ಮನೆಯವರನ್ನ ಇನ್ನೊಂದು ಕ್ಯಾಂಪಿಗೆ ಹಾಕೋದು, ಬಟ್ಟೆಬರೆ ಸುಡೋದು, ಮನೆಯ ಹೆಂಚು ಹುಲ್ಲು ಕಿತ್ತು ಬಿಸಿಲು ಬೀಳೋ ಹಾಗೆ ಮಾಡೋದು. ಬಂಗಲೆಗೆ ಹೆಂಚು ಕಿತ್ತರೆ ಮತ್ತೆ ಹಾಕಿಸ್ತಾರೆ. ಗುಡಿಸಲಿಗೆ ಹುಲ್ಲು ಕಿತ್ತರೆ ಅಲ್ಲಿಗೆ ಮನೆ ಮುಗೀತು. ಹತ್ತು ದಿನ ಕ್ಯಾಂಪಲ್ಲಿ ಕೂತ್ರೆ ಕೂಲಿ ಇಲ್ಲ, ಹಿಂದಕ್ಕೆ ಬಂದ್ರೆ ಕೆಲಸ ಇಲ್ಲ. ಆಮೇಲೆ ಅದು ಬರೀ ಮಲೇರಿಯಾ ಅಂತ ಗೊತ್ತಾದ್ರೆ ಸುಟ್ಟ ಕಂಬಳಿ ವಾಪಸ್ ಬರುತ್ತಾ?

ಹಾಗಾಗಿ ಜನ ಬಚ್ಚಿಟ್ರು. ರೋಗಿಯನ್ನ ಒಳಕೋಣೆಯಲ್ಲಿ ಮಲಗಿಸಿದ್ರು, ಊರು ಬಿಟ್ಟು ಓಡಿದ್ರು, ಓಡಿದ ಕಡೆಗೂ ರೋಗ ಹೋಯ್ತು. 'ಅಜ್ಞಾನಿ ಜನ' ಅಂತ ವರದಿ ಬರೆದವರು ಬಹಳ. ಆದರೆ ಜನ ಹೆದರಿದ್ದು ರೋಗಕ್ಕೆ ಮಾತ್ರ ಅಲ್ಲ, ಒಂದು ನಿಮಿಷದಲ್ಲಿ ಬರೆಯೋ ಆ ತೀರ್ಪಿಗೂ. ಆಸ್ಪತ್ರೆಯಲ್ಲಿ ನಂಬಿಕೆ ಸಿಗದವರು ಅಮ್ಮನ ಹತ್ತಿರ ಹೋದ್ರು. ಬೆಂಗಳೂರಿನಲ್ಲಿ ಇವತ್ತಿಗೂ ಪ್ಲೇಗ್ ಮಾರಿಯಮ್ಮನ ಗುಡಿಗಳಿವೆ. ನಾನು ಗುಡಿಗೆ ಹೋಗೋನಲ್ಲ, ಆದರೆ ಆ ಗುಡಿ ಕಟ್ಟಿದವರನ್ನ ನಾನು ನಗಲ್ಲ.

ಇನ್ನೂ ಒಂದು ವಿಷಯ ಇದೆ. ಆಳುವವರಿಗೂ ಆಗ ರೋಗ ಹೇಗೆ ಹರಡುತ್ತೆ ಅಂತ ಸರಿಯಾಗಿ ಗೊತ್ತಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಅಂತ ಪೌಲ್ ಲೂಯಿ ಸಿಮೋಂಡ್ ಅನ್ನೋ ಫ್ರೆಂಚ್ ವೈದ್ಯ ಅದೇ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟ. ವೈದ್ಯಲೋಕ ಅದನ್ನ ಒಪ್ಪೋಕೆ ಸುಮಾರು ಹತ್ತು ವರ್ಷ ಹಿಡೀತು. ಅಲ್ಲಿವರೆಗೆ ಕೊಳಕು, ಕೆಟ್ಟ ಗಾಳಿ, ಕೊಳಕು ಜನ ಅಂತಲೇ ಮಾತು. ನಮ್ಮ ಗುಡಿಸಲು ಸುಟ್ಟಾಗ ಇಲಿಗಳು ಪಕ್ಕದ ಬೀದಿಗೆ ಹೋಗಿ ಆರಾಮಾಗಿ ಸೇರಿಕೊಂಡವು. ಆಮೇಲೆ ಇಲಿ ನುಗ್ಗದ ಹಾಗೆ ಮನೆ ಕಟ್ಟಬೇಕು ಅನ್ನೋ ತಿಳಿವಳಿಕೆ ಬಂತು, ಫ್ರೇಜರ್ ಟೌನ್ ಅದೇ ಲೆಕ್ಕದಲ್ಲಿ ಎದ್ದು ನಿಂತಿತು. ಜೆ.ಎಚ್. ಸ್ಟೀಫನ್ಸ್ ಅನ್ನೋರು 1914ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ್ರು. ರೋಗದ ಹೆಸರಲ್ಲಿ ಸೂರು ಕಳಕೊಂಡವರಲ್ಲಿ ಎಷ್ಟು ಜನ ಆ ಹೊಸ ಮನೆಗಳಿಗೆ ಹೋಗೋ ಸ್ಥಿತಿಯಲ್ಲಿದ್ರು, ನೀವೇ ಯೋಚನೆ ಮಾಡಿ.

ಅದೇ ಕಾಲದ ಇಬ್ಬರನ್ನ ನೆನೆಯದೆ ಮುಂದಕ್ಕೆ ಹೋಗೋಕೆ ಮನಸ್ಸಿಲ್ಲ.

ಒಬ್ಬರು ನಮ್ಮ ತಾಯಿ ಸಾವಿತ್ರಿಬಾಯಿ ಫುಲೆ. 1897ರಲ್ಲಿ ಪುಣೆಯಲ್ಲಿ ಪ್ಲೇಗ್. ಮಗ ಯಶವಂತ ವೈದ್ಯ, ಹಡಪ್ಸರ್ ಹತ್ತಿರ ಚಿಕಿತ್ಸಾ ಕೇಂದ್ರ ತೆರೆದಿದ್ರು. ಮುಂಢ್ವಾದ ಮಹಾರ್ ಕೇರಿಯ ಒಬ್ಬ ಹುಡುಗನಿಗೆ ರೋಗ ಅಂತ ತಿಳಿದು ಸಾವಿತ್ರಿಬಾಯಿ ಅವನನ್ನ ಬೆನ್ನಮೇಲೆ ಹೊತ್ತು ತಂದ್ರು. ರೋಗ ಅವರಿಗೆ ಹತ್ತಿತು. ಮಾರ್ಚ್ 10ಕ್ಕೆ ತೀರಿಕೊಂಡ್ರು. ಅದೇ ಪುಣೆ, ಅದೇ ವರ್ಷ, ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಚಾಪೇಕರ್ ಸೋದರರು ಗುಂಡು ಹೊಡೆದದ್ದನ್ನ ಶಾಲೆಯಲ್ಲಿ ಓದಿದೀವಿ. ಹುಡುಗನನ್ನ ಹೊತ್ತವಳ ಪಾಠ ನಾನು ಓದಿದ ಶಾಲೆಯಲ್ಲಿ ಇರಲಿಲ್ಲ.

ಇನ್ನೊಬ್ಬರು ಡಾ. ಪಲ್ಪು. 1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದವರು. ಜಾತಿಯಲ್ಲಿ ಈಳವರು, ನಮ್ಮ ಈಡಿಗ, ಬಿಲ್ಲವರ ಹಾಗೆ. ಮದ್ರಾಸಿನಲ್ಲಿ ವೈದ್ಯ ಓದಿ ಬಂದ್ರೂ ಜಾತಿ ಕಾರಣಕ್ಕೆ ತಿರುವಾಂಕೂರು ಸರ್ಕಾರ ಕೆಲಸ ಕೊಡಲಿಲ್ಲ. ಮೈಸೂರು ಸರ್ಕಾರ ಕೊಟ್ಟಿತು. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆಯ ಕೆಲಸ ಮಾಡಿದ್ರು, ಪ್ಲೇಗ್ ಬಂದಾಗ ಹೆಣಗಳ ಮಧ್ಯೆ ಓಡಾಡಿ ದುಡಿದ್ರು. ಇಲ್ಲಿದ್ದುಕೊಂಡೇ 1896ರಲ್ಲಿ ತಿರುವಾಂಕೂರಿನ ರಾಜರಿಗೆ 13,176 ಜನರ ಸಹಿ ಇರೋ ಮನವಿ ಕಳಿಸಿದ್ರು: ನಮ್ಮ ಮಕ್ಕಳಿಗೆ ಶಾಲೆ ಕೊಡಿ, ಸರ್ಕಾರಿ ಕೆಲಸ ಕೊಡಿ. ತನ್ನೂರು ಬೇಡ ಅಂದ ಕೈಗಳು ನಮ್ಮೂರಿನ ರೋಗಿಗಳ ನಾಡಿ ಹಿಡಿದವು.

ಮುಟ್ಟೋದು ಅಂದಾಗ ಬಾಬಾಸಾಹೇಬರು ಬರೆದಿಟ್ಟ ಒಂದು ಘಟನೆ ನೆನಪಾಗುತ್ತೆ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿದೆ. 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬಂದಿದ್ದ ಕಾಗದ ಅದು. ಕಾಠಿಯಾವಾಡದ ಒಬ್ಬ ದಲಿತ ಶಿಕ್ಷಕನ ಹೆಂಡತಿಗೆ ಹೆರಿಗೆಯಾಗಿ ಎರಡು ದಿನಕ್ಕೆ ಉಸಿರು ಕಟ್ಟಿತು, ಪಕ್ಕೆಯಲ್ಲಿ ನೋವು. ವೈದ್ಯ ಕೇರಿಯೊಳಗೆ ಕಾಲಿಡಲ್ಲ ಅಂದ. ಊರಿನ ದೊಡ್ಡವರ ಕಾಲು ಹಿಡಿದ ಮೇಲೆ ಎರಡು ರೂಪಾಯಿ ಫೀಸಿಗೆ ಬಂದ, ಬಾಣಂತಿಯನ್ನ ಕೇರಿಯ ಹೊರಗೆ ತರಬೇಕು ಅನ್ನೋ ಷರತ್ತಿನ ಮೇಲೆ. ಥರ್ಮಾಮೀಟರನ್ನ ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವರು ಗಂಡನ ಕೈಗೆ, ಗಂಡ ಹೆಂಡತಿಗೆ. ಹಾಗೇ ವಾಪಸ್. ದೀಪದ ಬೆಳಕಲ್ಲಿ ಪಾದರಸ ನೋಡಿ ನ್ಯುಮೋನಿಯಾ ಅಂದ, ಹೋದ. ಎದೆಗೆ ಕಿವಿ ಇಡಲಿಲ್ಲ, ನಾಡಿ ಹಿಡೀಲಿಲ್ಲ. ಅವನು ಹೇಳಿದ ರೋಗ ಸರಿಯೂ ಇರಬಹುದು, ಯಾರಿಗೆ ಗೊತ್ತು. ಆಕೆ ಉಳೀಲಿಲ್ಲ.

ಈಗ ನಮ್ಮಮ್ಮನ ಚೀಟಿಗೆ ಬರೋಣ. ಆ ಡ್ಯೂಟಿ ಡಾಕ್ಟರ್ ಜಾತಿ ಮಾಡಿದ ಅಂತ ನಾನು ಹೇಳ್ತಿಲ್ಲ. ಒಬ್ಬನೇ ಇದ್ದ, ಅಮ್ಮನ ಉಸಿರನ್ನೂ ಉಳಿಸಿದ. ಧೂಳಿನಲ್ಲಿ ದುಡಿದವರಿಗೆ ಟಿಬಿ ಇರಬಹುದು ಅಂತ ಸಂಶಯ ಪಟ್ಟದ್ದೂ ತಪ್ಪಲ್ಲ. ಆದರೆ ಸ್ಟೆತಾಸ್ಕೋಪ್ ಅಮ್ಮನ ಬೆನ್ನಿಗೆ ಹೋಗಲೇ ಇಲ್ಲ. ಅದು ಪ್ರಶ್ನೆ ಮಾತ್ರ ಅಂತ ನಮಗೆ ಯಾರೂ ಹೇಳಲಿಲ್ಲ. ಕಫ ಪರೀಕ್ಷೆ ಮಾಡಿಸಿ ಅಂತಲೂ ಹೇಳಲಿಲ್ಲ.

ಹನ್ನೆರಡನೇ ದಿನ ಒಂದು ಸರ್ಕಾರಿ ಆಸ್ಪತ್ರೆಗೆ ಹೋದ್ವಿ. ಉದ್ದ ಕ್ಯೂ, ಮೂರು ಗಂಟೆ ನಿಂತ್ವಿ. ಒಳಗಿದ್ದ ಡಾಕ್ಟರಮ್ಮ ಅಮ್ಮನನ್ನ ಕೂರಿಸಿ ಬೆನ್ನು ತಟ್ಟಿ ನೋಡಿದ್ರು, ಆರು ಕಡೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ್ರು. ಎಷ್ಟು ವರ್ಷ ಗುಡಿಸಿದ್ರಿ, ಕಸಕ್ಕೆ ಬೆಂಕಿ ಹಾಕ್ತಿದ್ರಾ, ಮನೇಲಿ ಸೌದೆ ಒಲೆ ಇತ್ತಾ ಅಂತ ಒಂದೊಂದಾಗಿ ಕೇಳಿದ್ರು. ಕಫದ ಪರೀಕ್ಷೆ ಪುಕ್ಕಟೆ ಆಯ್ತು. ಟಿಬಿ ಕಾಣಲಿಲ್ಲ. ಧೂಳು, ಹೊಗೆಯಿಂದ ಶ್ವಾಸನಾಳ ಕಿರಿದಾಗಿರೋ ಹಾಗಿದೆ ಅಂತ ಇನ್ಹೇಲರ್ ಕೊಟ್ರು. ಎಕ್ಸ್‌ರೇಯಲ್ಲಿ ಒಂದು ಕಲೆ ಇದೆ, ಹಳೇದಿರಬಹುದು, ಎರಡು ತಿಂಗಳು ಬಿಟ್ಟು ಮತ್ತೆ ತೆಗೆಸೋಣ ಅಂದ್ರು. "ಈಗಲೇ ಖಚಿತವಾಗಿ ಹೇಳೋಕಾಗಲ್ಲಮ್ಮ" ಅಂತ ಅಮ್ಮನ ಮುಖ ನೋಡಿ ಅಮ್ಮನಿಗೇ ಹೇಳಿದ್ರು.

ಅಂದ್ರೆ ಪ್ರಶ್ನಾರ್ಥಕ ಇನ್ನೂ ಹೋಗಿಲ್ಲ. ಆದ್ರೂ ಆವತ್ತು ರಾತ್ರಿ ಅಮ್ಮ ನಿದ್ದೆ ಮಾಡಿದ್ರು. ಅದೇ ಸಂಶಯ, ಆದರೆ ಈ ಸಲ ಅದನ್ನ ನಮ್ಮ ಜೊತೆ ಹಂಚಿಕೊಂಡಿದ್ರು. 1898ರಲ್ಲಿ ನಮ್ಮವರಿಗೆ ಸಿಗದೇ ಇದ್ದದ್ದು ಇದೇ ಅಂತ ನನಗನ್ನಿಸ್ತು. ವೈದ್ಯನ ಸಂಶಯ ನಮಗೆ ಶಿಕ್ಷೆ ಆಗಬಾರದು. ಅದನ್ನ ಬಗೆಹರಿಸೋ ತನಕ ನಮ್ಮನ್ನ ಮನುಷ್ಯರ ಹಾಗೆ ನೋಡಬೇಕು. ಆಸ್ಪತ್ರೆಯೂ ನೋಡಬೇಕು, ಮನೆಯವರೂ ನೋಡಬೇಕು. ಎರಡನೇದು ನನಗೆ ನಾನೇ ಹೇಳಿಕೊಳ್ತಿರೋದು.

ಕೆಲವು ಮಾತು ನೆನಪಿಡಿ, ಗಲ್ಲಿಯಲ್ಲೂ ಹೇಳಿ. ಎಮರ್ಜೆನ್ಸಿಯಲ್ಲಿ ಜೀವ ಉಳಿಸೋ ಚಿಕಿತ್ಸೆಯನ್ನ ಯಾವ ಆಸ್ಪತ್ರೆಯೂ ನಿರಾಕರಿಸೋ ಹಾಗಿಲ್ಲ, 1989ರಲ್ಲಿ ಪರಮಾನಂದ ಕಟಾರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ದಾಖಲೆ ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮ ಇದೆ. ಎಕ್ಸ್‌ರೇ, ಚೀಟಿ ಬಿಸಾಕಬೇಡಿ, ಒಂದು ಕವರಿನಲ್ಲಿ ಇಡಿ. ರೋಗದ ಹೆಸರಿನ ಮುಂದೆ ಪ್ರಶ್ನಾರ್ಥಕ ಇದೆಯಾ ನೋಡಿ. ಇದ್ರೆ ಮೂರು ಪ್ರಶ್ನೆ ಕೇಳಿ: ಇದು ಖಚಿತವಾ? ಖಚಿತ ಮಾಡೋಕೆ ಯಾವ ಪರೀಕ್ಷೆ? ಅಲ್ಲಿವರೆಗೆ ಏನು ಕಂಡ್ರೆ ಕೂಡಲೇ ವಾಪಸ್ ಬರಬೇಕು? ಕೇಳೋಕೆ ನಾಚಿಕೆ ಬೇಡ. ಉಸಿರು ಕಟ್ಟಿದಾಗ, ಎದೆನೋವು ಬಂದಾಗ ಮಾತ್ರ ಹಳೇ ಚೀಟಿ ಓದ್ತಾ ಕೂರಬೇಡಿ, ಮೊದಲು ಆಸ್ಪತ್ರೆಗೆ ಓಡಿ. ನಮ್ಮವರು ಬಚ್ಚಿಟ್ಟು ಸತ್ತದ್ದು ಒಂದು ಸಲಕ್ಕೇ ಸಾಕು.

ಎರಡು ತಿಂಗಳಾದ ಮೇಲೆ ಎಕ್ಸ್‌ರೇ ಏನು ಹೇಳಿತು ಅಂತ ಬರೀತೀನಿ. ಆ ಬೇರೆ ಲೋಟವನ್ನ ಅಮ್ಮ ಎಸೀಲಿಲ್ಲ. ನಿನ್ನೆ ಅದರಲ್ಲಿ ನನಗೇ ಟೀ ಕೊಟ್ರು. ಸುಮ್ಮನೆ ಕುಡಿದೆ.

ಜೈಭೀಮ್. ಜೈ ಸಾವಿತ್ರಿ.