ಬೀಜಕ್ಕೆ ಶಾಖೋಪಚಾರ

ಕಾಳಿನೊಳಗಿನ ಕಾಡಿಗೆ

ನಾಶಿಕ್ ಜಿಲ್ಲೆಯ ನಿಫಾಡದಲ್ಲಿ ಗೋಧಿ ತಳಿಗಳಿಗಾಗಿಯೇ ಹೆಸರಾದ ಸಂಶೋಧನಾ ಕೇಂದ್ರವಿದೆ. ಅದು ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠಕ್ಕೆ ಸೇರಿದ್ದು. ಛತ್ರಪತಿ ಸಂಭಾಜಿನಗರದ ಕಡೆಗೂ ಹಿಂಗಾರಿಯಲ್ಲಿ ಗೋಧಿ ಬಿತ್ತುತ್ತಾರೆ. ಈ ಬೆಳೆಯ ಬಿಡಿ ಕಾಡಿಗೆ ರೋಗ ಬೀಜದ ಮೂಲಕವೇ ಹರಡುತ್ತದೆ. ಹೂಬಿಡುವ ಹೊತ್ತಿಗೆ ಗಾಳಿಯಲ್ಲಿ ತೇಲಿಬಂದ ಶಿಲೀಂಧ್ರದ ಕರಿಪುಡಿ ಹೂವಿನ ಮೇಲೆ ಕೂತು ಮೊಳೆಯುತ್ತದೆ. ಶಿಲೀಂಧ್ರ ಎಳೆಗಾಳಿನ ಭ್ರೂಣಕ್ಕೆ ಇಳಿದು ಮಲಗುತ್ತದೆ. ಹೊರಗಿನಿಂದ ನೋಡಿದರೆ ಕಾಳಿಗೆ ಯಾವ ಕುಂದೂ ಕಾಣದು. ಮುಂದಿನ ವರ್ಷ ಅದನ್ನು ಬಿತ್ತಿದರೆ ತೆನೆಯಲ್ಲಿ ಕಾಳಿನ ಬದಲು ಮಸಿ. ಬೀಜಕ್ಕೆ ಹಚ್ಚುವ ಮೈಲುತುತ್ತ ಅದರ ಮೈಮೇಲಿನ ರೋಗಾಣುವನ್ನು ಕೊಲ್ಲಬಲ್ಲದು, ಒಳಗೆ ಮಲಗಿದ್ದನ್ನಲ್ಲ.

ಬಿಸಿನೀರು, ಬಿಸಿಲು

1880ರ ದಶಕದಲ್ಲಿ ಡೆನ್ಮಾರ್ಕಿನ ಯೆನ್ಸನ್ ಕಾಡಿಗೆಗೆ ಬಿಸಿನೀರಿನ ಉಪಚಾರ ತೋರಿಸಿಕೊಟ್ಟರು. ಮೊದಲು ತಣ್ಣೀರಿನಲ್ಲಿ ನೆನೆಸುವುದರಲ್ಲಿ ಇದರ ಗುಟ್ಟಿದೆ. ತೇವ ತಾಗಿದಾಗ ಮಲಗಿದ್ದ ಶಿಲೀಂಧ್ರ ಎಚ್ಚರಗೊಳ್ಳುತ್ತದೆ, ಎಚ್ಚರಗೊಂಡಾಗ ಅದು ಭ್ರೂಣಕ್ಕಿಂತ ಬೇಗ ಶಾಖಕ್ಕೆ ಸಾಯುತ್ತದೆ. ಎರಡರ ಸಹನೆಯ ನಡುವಿನ ಅಂತರ ಬಹಳ ಕಿರಿದು. ಥರ್ಮಾಮೀಟರ್ ಇಲ್ಲದೆ ಕೈಹಾಕಿದರೆ ಬೀಜವೇ ಬೆಂದೀತು.

ಆ ಭಯ ಕಡಿಮೆ ಮಾಡಿದ್ದು ಬಿಸಿಲಿನ ವಿಧಾನ. 1930ರ ದಶಕದಲ್ಲಿ, ಆಗಿನ ಪಂಜಾಬಿನ ಲಯಾಲ್‌ಪುರದಲ್ಲಿ ವಿಜ್ಞಾನಿಗಳಾದ ಲೂಥ್ರಾ ಮತ್ತು ಸತ್ತಾರ್ ಇದನ್ನು ರೂಪಿಸಿದರು. ಕಡುಬೇಸಿಗೆಯ ಮುಂಜಾನೆ 4 ಗಂಟೆ ನೀರಿನಲ್ಲಿ ನೆನೆಸಿ, ನಡುಹಗಲಿನಿಂದ 4 ಗಂಟೆ ಸುಡುಬಿಸಿಲಿನಲ್ಲಿ ತೆಳುವಾಗಿ ಹರಡಬೇಕು. ಸಂಭಾಜಿನಗರದ ಮೇ ತಿಂಗಳ ಬಿಸಿಲು ಇದಕ್ಕೆ ಒದಗೀತು. ಮೋಡ ಕವಿದ ದಿನ ಮಾತ್ರ ಬೇಡ. ಚೆನ್ನಾಗಿ ಒಣಗಿಸಿಟ್ಟರೆ ನವೆಂಬರ್ ಬಿತ್ತನೆಯವರೆಗೆ ತೊಂದರೆಯಿಲ್ಲ.

ತರಕಾರಿ ಬೀಜ

ಎಲೆಕೋಸಿನ ಕಪ್ಪು ಕೊಳೆ ರೋಗದ ಬ್ಯಾಕ್ಟೀರಿಯಾ ಬೀಜದಲ್ಲೇ ಬರುತ್ತದೆ. ಟೊಮೇಟೊ, ಕೋಸು ಎರಡನ್ನೂ ಬೆಳೆಯುವ ನಾಶಿಕ್‌ಗೆ ಇದು ಹತ್ತಿರದ ವಿಷಯ. ಇಂಥ ಬೀಜಕ್ಕೂ ಬಿಸಿನೀರಿನ ಉಪಚಾರವಿದೆ: ಎಲೆಕೋಸು ಮತ್ತು ಟೊಮೇಟೊಗೆ 50 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 25 ನಿಮಿಷ, ಹೂಕೋಸಿಗೆ 20 ನಿಮಿಷ. ಸಡಿಲವಾಗಿ ಕಟ್ಟಿದ ಬಟ್ಟೆಯ ಗಂಟನ್ನು ಮುಳುಗಿಸಿ ಆಡಿಸುತ್ತಿರಬೇಕು. ತೆಗೆದ ಕೂಡಲೇ ತಣ್ಣೀರಿಗೆ ಹಾಕಿ, ನೆರಳಲ್ಲಿ ಒಣಗಿಸಬೇಕು. ಹಳೆಯ ಬೀಜ ಈ ಪೆಟ್ಟು ತಾಳದು, ಬಟಾಣಿ, ಹುರುಳಿಕಾಯಿಯಂಥ ದಪ್ಪ ಕಾಳೂ ತಾಳದು. ಆದ್ದರಿಂದ ಮೊದಲು ಒಂದು ಹಿಡಿ ಬೀಜವನ್ನು ಉಪಚರಿಸಿ ಮೊಳಕೆ ನೋಡುವುದೇ ಜಾಣತನ.

ಯಾರಿಗೆ ಬೇಕು?

ಸಂಭಾಜಿನಗರದ ಪಕ್ಕದ ಜಾಲ್ನಾ ಬೀಜೋದ್ಯಮದ ಊರು. ಕಂಪನಿಯ ಪೊಟ್ಟಣದಲ್ಲಿ ಔಷಧ, ಬಣ್ಣ ಬಳಿದು ಬರುವ ಬೀಜಕ್ಕೆ ಮತ್ತೆ ಬಿಸಿನೀರು ಬೇಕಿಲ್ಲ, ಹಾಕಿದರೆ ಔಷಧವೇ ತೊಳೆದುಹೋಗುತ್ತದೆ. ಗೋಧಿಯಲ್ಲೂ ಒಳಹೊಕ್ಕು ಕೆಲಸ ಮಾಡುವ ಶಿಲೀಂಧ್ರನಾಶಕ ಕಾರ್ಬಾಕ್ಸಿನ್ ಬಂದ ಮೇಲೆ ಬಿಸಿಲಿನ ವಿಧಾನ ಹಿಂದೆ ಸರಿಯಿತು. ಶಾಖ ಈಗ ಒಗ್ಗುವುದು ಸ್ವಂತ ಬೀಜ ಎತ್ತಿಡುವವರಿಗೆ, ಸಾವಯವ ಕೃಷಿಕರಿಗೆ. ಮತ್ತೆ ಕಬ್ಬಿನ ಬೀಜತಾಕು ಬೆಳೆಸುವವರಿಗೆ. ಕೂಳೆ ಕುಂಠು ರೋಗಕ್ಕೆ ಬಿತ್ತನೆ ತುಂಡುಗಳನ್ನು 50 ಡಿಗ್ರಿಯಲ್ಲಿ 2 ಗಂಟೆ ಮುಳುಗಿಸುವುದು ಅಲ್ಲಿ ಇಂದಿಗೂ ನಡೆಯುವ ಕ್ರಮ.