ನಿಜಾಮ್ ಸೀಮೆಯ ಒಂದು ಪ್ರಣಯ ಮತ್ತು ಅದರ ಅಭಿಜ್ಞಾನಗಳು

ಪ್ರಣಯದ ಕುರುಹುಗಳು ನಮ್ಮ ಕಾವ್ಯಪರಂಪರೆಯಲ್ಲಿ ಕೇವಲ ಒಲವಿನ ಕಾಣಿಕೆಗಳಲ್ಲ. ಅವು ಸಾಕ್ಷ್ಯಗಳೂ ಹೌದು. ರಾಮಕಥೆಯಲ್ಲಿ ಉಂಗುರವನ್ನು ಕಂಡು ಸೀತೆ ದೂತನನ್ನು ನಂಬುತ್ತಾಳೆ. ಚೂಡಾಮಣಿಯನ್ನು ಕಂಡು ರಾಮನಿಗೆ ಆಕೆಯ ಇರವು ಖಚಿತವಾಗುತ್ತದೆ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರವಿಲ್ಲ. ಕಾಳಿದಾಸನ ನಾಟಕದಲ್ಲಾದರೋ ಅದೇ ಕಥೆಯ ಕೀಲು. ಸಾಕ್ಷಿಗಳಿಲ್ಲದೆ ನಡೆದ ಗಾಂಧರ್ವ ವಿವಾಹಕ್ಕೆ ಆ ಉಂಗುರವೊಂದೇ ಪುರಾವೆ. ಬಸವಪ್ಪ ಶಾಸ್ತ್ರಿಗಳು 19ನೆಯ ಶತಮಾನದಲ್ಲಿ ಈ ನಾಟಕವನ್ನು ಕನ್ನಡಕ್ಕೆ ತಂದರು. ಅದಕ್ಕೂ ಮೊದಲೇ, 1789ರಲ್ಲಿ, ವಿಲಿಯಂ ಜೋನ್ಸ್ ಮಾಡಿದ ಇಂಗ್ಲಿಷ್ ಅನುವಾದವು ಕಲಕತ್ತೆಯಲ್ಲಿ ಅಚ್ಚಾಗಿತ್ತು. ಆ ಉಂಗುರದ ಕಥೆಯು ಇಂಗ್ಲಿಷ್ ಓದುಗರನ್ನು ತಲಪಿದ ಹತ್ತೇ ವರ್ಷಗಳಲ್ಲಿ, ಅದನ್ನು ಹೋಲುವ ನಿಜ ಪ್ರಸಂಗವೊಂದು ದಕ್ಖನಿನಲ್ಲಿ ನಡೆಯಿತು.

ಜನವಾಡ, ಭಾಲ್ಕಿ, ಔರಾದುಗಳನ್ನೊಳಗೊಂಡ ಬೀದರ್ ಸೀಮೆಯು 1948ರವರೆಗೂ ನಿಜಾಮರ ಆಳ್ವಿಕೆಯಲ್ಲಿತ್ತು. 1798ರಲ್ಲಿ ನಿಜಾಮ್ ಅಲಿ ಖಾನನು ಈಸ್ಟ್ ಇಂಡಿಯಾ ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದಕ್ಕೆ ಒಳಪಟ್ಟನು. ಆ ಒಪ್ಪಂದವನ್ನು ಕುದುರಿಸಿದ ಕಂಪನಿಯ ರೆಸಿಡೆಂಟ್ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್. 1764ರಲ್ಲಿ ಮದರಾಸಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, ಹದಿಹರೆಯದಲ್ಲೇ ಮದರಾಸು ಸೈನ್ಯಕ್ಕೆ ಕೆಡೆಟ್ ಆಗಿ ಮರಳಿದವನು. ಪಾರಸಿ, ಹಿಂದುಸ್ತಾನಿಗಳನ್ನು ಬಲ್ಲ ಈತನಿಗೆ ನಿಜಾಮನು ಹಷ್ಮತ್ ಜಂಗ್ ಎಂಬ ಬಿರುದನ್ನಿತ್ತನು. ಆಸ್ಥಾನದ ಉನ್ನತ ಮನೆತನದ ಖೈರುನ್ನಿಸಾ ಬೇಗಮಳೊಡನೆ ಈತನ ಪ್ರಣಯ ಬೆಳೆದು, ಇಸ್ಲಾಮೀ ಪದ್ಧತಿಯಂತೆ ನಿಕಾಹ್ ಗುಟ್ಟಾಗಿ ನಡೆಯಿತು. ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಸಂಬಂಧದ ವಿಚಾರಣೆಗೇ ಆದೇಶಿಸಿದನು. ಒಲವು ರಾಜಕೀಯ ಪ್ರಶ್ನೆಯಾಗಿ ಮಾರ್ಪಟ್ಟಿತು.

ಈ ಪ್ರಣಯದ ಕುರುಹುಗಳಲ್ಲಿ ಮೊದಲನೆಯದು ಒಂದು ಪುಟ್ಟ ಕಟ್ಟಡ. ಕೋಠಿಯಲ್ಲಿ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಲು ತೊಡಗಿದ ಭವ್ಯ ರೆಸಿಡೆನ್ಸಿ ಭವನವು ಮುಂದೆ ಮಹಿಳಾ ಕಾಲೇಜಾಯಿತು. ಪರದೆಯೊಳಗಿದ್ದ ಬೇಗಮಳು ಆ ಭವನವನ್ನು ಪೂರ್ತಿಯಾಗಿ ಕಾಣಲೆಂದು ಅದರ ಕಿರುಪ್ರತಿಕೃತಿಯೊಂದನ್ನು ಜನಾನಾದ ತೋಟದಲ್ಲಿ ಮಾಡಿಸಿದನೆಂಬುದು ಐತಿಹ್ಯ. ಪ್ರಿಯನ ಮನೆಯನ್ನು ಹೊರಗಿನಿಂದ ನೋಡಲಾಗದವಳಿಗೆ ಆ ಮನೆಯನ್ನೇ ಅಂಗಳಕ್ಕೆ ತಂದುಕೊಟ್ಟ ಕಾಣಿಕೆಯಿದು.

ಎರಡನೆಯದು ಒಂದು ಚಿತ್ರ. 1805ರಲ್ಲಿ ದಂಪತಿಗಳ ನಾಲ್ಕು ವರ್ಷದ ಮಗನನ್ನೂ ಮೂರು ವರ್ಷದ ಮಗಳನ್ನೂ ಇಂಗ್ಲೆಂಡಿಗೆ ಕಳುಹಿಸಲಾಯಿತು. ಹೊರಡುವ ಮುನ್ನ ಜಾರ್ಜ್ ಚಿನ್ನರಿ ಎಂಬ ಕಲಾವಿದನು ಮದರಾಸಿನಲ್ಲಿ ಅವರನ್ನು ಹೈದರಾಬಾದಿನ ಉಡುಪಿನಲ್ಲಿಯೇ ಚಿತ್ರಿಸಿದನು. ತಾಯಿಯ ಪಾಲಿಗೆ ಉಳಿದದ್ದು ಆ ಚಿತ್ರವಷ್ಟೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕರ್ಕ್‌ಪ್ಯಾಟ್ರಿಕ್ ಕಲಕತ್ತೆಯಲ್ಲಿ ತೀರಿಕೊಂಡನು. 1813ರಲ್ಲಿ ಖೈರುನ್ನಿಸಾ ಮಕ್ಕಳ ಮುಖವನ್ನು ಮತ್ತೆ ಕಾಣದೆಯೇ ಮರಣಿಸಿದಳು.

ಮೂರನೆಯ ಕುರುಹು ಹೆಚ್ಚು ವಿಚಾರಾರ್ಹ. ತನ್ನ ಉಯಿಲಿನಲ್ಲಿ ಕರ್ಕ್‌ಪ್ಯಾಟ್ರಿಕ್ ಬೇಗಮಳಿಗೆ ಹತ್ತು ಸಾವಿರ ರೂಪಾಯಿಗಳನ್ನು ಬರೆದಿಟ್ಟನು. ಆಕೆಗೆ ಜಾಗೀರು ಒಡವೆಗಳು ಸಾಕಷ್ಟಿವೆ, ಈ ಹಣವು ಅಪಾರ ಪ್ರೀತಿಯ ಹಾಗೂ ಸ್ಮರಣೆಯ ಕುರುಹು ಮಾತ್ರ ಎಂಬುದು ಅವನ ವಿವರಣೆ. ಆದರೆ ಅದೇ ಬರಹದಲ್ಲಿ ಆಕೆಯನ್ನು ಪತ್ನಿಯೆಂದು ಕರೆಯದೆ, ವಿವಾಹಬಾಹ್ಯವಾಗಿ ಹುಟ್ಟಿದ ತನ್ನ ಇಬ್ಬರು ಮಕ್ಕಳ ತಾಯಿಯೆಂದಷ್ಟೇ ಗುರುತಿಸಿದನು. ದುಷ್ಯಂತನು ಉಂಗುರವನ್ನು ಕಂಡೊಡನೆ ಪತ್ನಿಯನ್ನು ನೆನೆದನು. ಇಲ್ಲಿ ನೆನಪಿತ್ತು, ಪ್ರೀತಿಯೂ ಇತ್ತು, ಆದರೆ ಇಂಗ್ಲಿಷ್ ಕಾನೂನಿನ ಮುಂದೆ ಪತ್ನಿಯೆಂಬ ಪದ ಮಾತ್ರ ಬರಲಿಲ್ಲ. ಅಭಿಜ್ಞಾನವನ್ನಿತ್ತ ಕೈಯೇ ಅದರ ಅರ್ಥವನ್ನು ಮೊಟಕುಗೊಳಿಸಿತು.

ಕೊನೆಯ ಕುರುಹು ಮಗಳದು. ಇಂಗ್ಲೆಂಡಿನಲ್ಲಿ ಕಿಟ್ಟಿಯೆಂದು ಹೆಸರಾಗಿ, ತರುಣ ಕಾರ್ಲೈಲನ ಮನಸ್ಸನ್ನು ಸೆಳೆದ ಈಕೆ, 1829ರಲ್ಲಿ ಸೈನ್ಯಾಧಿಕಾರಿಯೊಬ್ಬನನ್ನು ಮದುವೆಯಾದಳು. ಮಧ್ಯವಯಸ್ಸಿನಲ್ಲಿ, ತಂದೆಯ ಸಹಾಯಕನಾಗಿದ್ದ ಹೆನ್ರಿ ರಸೆಲ್ಲನ ಮನೆಯಲ್ಲಿ ಚಿನ್ನರಿಯ ಆ ಚಿತ್ರವನ್ನು ಕಂಡು ಕಣ್ಣೀರಿಟ್ಟಳು. ಆ ಬಳಿಕ ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ತಾಯಿಯ ತಾಯಿ ಶರಫುನ್ನಿಸಾಳೊಡನೆ ಪತ್ರವ್ಯವಹಾರ ತೊಡಗಿತು. ಕನಸಿನಲ್ಲಿ ತಾಯಿಯನ್ನು ಕಂಡರೂ ತನ್ನ ಇಂಗ್ಲಿಷು ಆಕೆಗೆ ತಿಳಿಯದೆಂಬ ಸಂಕಟವನ್ನು ಕಿಟ್ಟಿ ಅಜ್ಜಿಗೆ ಬರೆದಳು. ಬೀಳ್ಕೊಡುವಾಗ ತಾಯಿ ಕಿತ್ತುಕೊಂಡ ನೀಳಕೂದಲಿನ ಒಂದು ಎಳೆಗಾಗಿ ಏನನ್ನಾದರೂ ಕೊಟ್ಟೇನೆಂದು ಹಂಬಲಿಸಿದಳು.

ಸಂಶೋಧಕರು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಪ್ರಣಯದ ಬಗೆಗೆ ನಾವು ತಿಳಿದಿರುವುದು ಬಹುಮಟ್ಟಿಗೆ ಗಂಡಸರ ಪತ್ರ, ವರದಿ, ಉಯಿಲುಗಳಿಂದ. ಖೈರುನ್ನಿಸಾಳ ಪಕ್ಷವನ್ನು ಹೇಳುವವು ಒಂದು ಮಾದರಿ ಮನೆ, ಒಂದು ಚಿತ್ರ, ಒಂದು ಎಳೆ ಕೂದಲಿನ ಬಯಕೆ. ನಮ್ಮ ಬೀದರಿನಲ್ಲಿ ಬೆಳ್ಳಿಯ ಎಳೆ ಕೂರಿಸಿದ ಬಿದರಿಯ ಪಾನದಾನಗಳು ತಲೆಮಾರುಗಳಿಂದ ಮದುವೆಯ ಉಡುಗೊರೆಗಳಾಗಿ ಹೆಣ್ಣುಮಕ್ಕಳ ಕೈಸೇರಿವೆ. ಅವುಗಳ ಮೇಲೆ ಬಳ್ಳಿಯಿರುತ್ತದೆ, ಹೂವಿರುತ್ತದೆ. ಸಾಮಾನ್ಯವಾಗಿ ಕೊಟ್ಟವರ ಹೆಸರಾಗಲಿ ಇಟ್ಟುಕೊಂಡವರ ಹೆಸರಾಗಲಿ ಇರುವುದಿಲ್ಲ. ಅವುಗಳ ಕರಕೌಶಲವನ್ನು ವರ್ಣಿಸಿ ನಾವು ತೃಪ್ತರಾಗುತ್ತೇವೆ. ಮನೆಯ ಹಿರಿಯರು ಇರುವಾಗಲೇ, ಇದು ಯಾರದು, ಯಾರು ಕೊಟ್ಟದ್ದು ಎಂದು ಕೇಳಿ ಬರೆದಿಡದಿದ್ದರೆ ಉಂಗುರ ಉಳಿದೀತು, ಶಕುಂತಲೆ ಉಳಿಯಳು.