ಗರ್ಭದಲ್ಲಿ ಮೊದಲ ಮಿಡಿತ

ಗರ್ಭಸ್ಥ ಶಿಶುವಿನಲ್ಲಿ ಮೊದಲು ಮೂಡುವ ಅಂಗ ಯಾವುದು? ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಇದೊಂದು ದೊಡ್ಡ ವಾದವೇ ಆಗಿದೆ. ಶಿರಸ್ಸೆಂದು ಶೌನಕನೂ ಹೃದಯವೆಂದು ಕೃತವೀರ್ಯನೂ ನಾಭಿಯೆಂದು ಪಾರಾಶರ್ಯನೂ ಹೇಳುತ್ತಾರೆ. ಧನ್ವಂತರಿಯ ಸಿದ್ಧಾಂತವೇ ಬೇರೆ: ಎಲ್ಲವೂ ಏಕಕಾಲಕ್ಕೆ ಮೂಡುತ್ತವೆ; ಮಾವಿನ ಮಿಡಿಯೊಳಗಿನ ನಾರು, ತಿರುಳು, ಗೊರಟೆಗಳಂತೆ ಸೂಕ್ಷ್ಮವಾದುದರಿಂದ ಕಾಣುವುದಿಲ್ಲ, ಅಷ್ಟೆ.

ಗ್ರೀಸಿನ ಅರಿಸ್ಟಾಟಲನು ಕಾವಿನ ಕೋಳಿಮೊಟ್ಟೆಗಳನ್ನು ಒಡೆದು, ಮೂರು ದಿನಗಳಾದ ಮೇಲೆ ರಕ್ತಬಿಂದುವೊಂದು ಮಿಡಿಯುವುದನ್ನು ಕಂಡನು. 1651ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ, ಹೃದಯಕ್ಕಿಂತ ರಕ್ತವೇ ಮೊದಲೆಂದು ವಾದಿಸಿದನು. ಅಂಗಗಳು ಒಮ್ಮೆಗೇ ಅಲ್ಲ, ಒಂದಾದ ಮೇಲೊಂದು ರೂಪುಗೊಳ್ಳುತ್ತವೆಂದೂ ಹೇಳಿದನು.

ಮೊದಲು ದುಡಿಯತೊಡಗುವ ಅಂಗ ಹೃದಯವೆಂಬುದು ಇಂದು ಖಚಿತ. ಮಾನವಭ್ರೂಣದಲ್ಲಿ ಸುಮಾರು 22ನೆಯ ದಿನಕ್ಕೆ ಅದು ಮಿಡಿಯುತ್ತದೆ. ಆಗ ಅದು ಬರಿಯ ಕೊಳವೆ. ಬಳಿಕ ಬಾಗಿ, ನಡುಗೋಡೆಗಳೆದ್ದು, ಎಂಟನೆಯ ವಾರದ ಹೊತ್ತಿಗೆ ನಾಲ್ಕು ಕೋಣೆಗಳಾಗುತ್ತವೆ. ಗೋಡೆ ಪೂರ್ತಿ ಕೂಡದಿದ್ದರೆ ಮಗು ಹೃದಯದಲ್ಲಿ ರಂಧ್ರ ಹೊತ್ತು ಹುಟ್ಟುತ್ತದೆ.

ಒಂದೇ ಬಗೆಯ ಕೋಶಗಳಿಂದ ಹೃದಯವೂ ರಕ್ತವೂ ಹೇಗೆ ಕವಲೊಡೆಯುತ್ತವೆ? ಈ ಶೋಧ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಮತ್ತು ಸಂಗಡಿಗರು, ಇಲಿಯ ಭ್ರೂಣದ ಆಕರಕೋಶಗಳಲ್ಲಿ ಕಂಡ ಹೊಸ ಜೀನೊಂದನ್ನು 2003ರಲ್ಲಿ ಪ್ರಕಟಿಸಿದರು. ಅದು ಹಣ್ಣುನೊಣದಲ್ಲೂ ಉಂಟು. ಆಕರಕೋಶಗಳನ್ನು ಮೂಲಸ್ಥಿತಿಯಲ್ಲೇ ಕಾಪಾಡಲು ಅದು ನೆರವಾಗುವುದೆಂದು 2013ರಲ್ಲಿ ತೋರಿಸಿದರು. ಅದಕ್ಕೆ ಇಟ್ಟ ಹೆಸರು ‘ಅಸೃಜ್’. ಸಂಸ್ಕೃತದಲ್ಲಿ ರಕ್ತವೆಂದರ್ಥ, ಸುಶ್ರುತನಿಗೂ ಪರಿಚಿತವಾದ ಶಬ್ದ.

ಧನ್ವಂತರಿಯ ಉತ್ತರ ನಿಲ್ಲಲಿಲ್ಲ. ಪ್ರಶ್ನೆ ಮಾತ್ರ ನಿಂತಿದೆ. ರಂಧ್ರವಿರುವ ಹೃದಯದೊಡನೆ ಹುಟ್ಟುವ ಶಿಶುಗಳಿರುವವರೆಗೆ ಅದನ್ನು ಕೇಳುತ್ತಲೇ ಇರಬೇಕು.